ಗಾಳಿಯನ್ನು ಹೀರಿ ನೆಲಕ್ಕಂಟಿದ ಕಾರುಗಳು

ರೇಸ್ ಕಾರಿನ ಮಾತು ಬಂದಾಗ ಸಾಮಾನ್ಯವಾಗಿ ಎಂಜಿನ್ನಿನ ಅಶ್ವಶಕ್ತಿಯೇ ಚರ್ಚೆಗೆ ಬರುತ್ತದೆ. ಆದರೆ ನೇರ ದಾರಿಯಲ್ಲಿ ಗಳಿಸಿದ ವೇಗವನ್ನು ತಿರುವಿನಲ್ಲಿ ಬಿಟ್ಟುಕೊಡದಿರುವುದು ಅದಕ್ಕಿಂತ ಕಷ್ಟದ ಕೆಲಸ, ಮತ್ತು ಅದು ನಾಲ್ಕು ಟೈರುಗಳು ನೆಲಕ್ಕೆ ತಾಗುವ ಪುಟ್ಟ ಜಾಗವನ್ನು ಅವಲಂಬಿಸಿರುತ್ತದೆ. ಟೈರನ್ನು ನೆಲಕ್ಕೆ ಹೆಚ್ಚು ಬಲವಾಗಿ ಒತ್ತಿದಷ್ಟೂ ಅದರ ಹಿಡಿತ ಹೆಚ್ಚುತ್ತದೆ. ಹಾಗೆಂದು ಕಾರಿಗೆ ತೂಕ ಸೇರಿಸಿದರೆ ಲಾಭವಿಲ್ಲ; ಭಾರವಾದ ಕಾರನ್ನು ತಿರುಗಿಸಲು ಬೇಕಾಗುವ ಬಲವೂ ಅದರ ಜೊತೆಗೇ ಏರುತ್ತದೆ. ದ್ರವ್ಯರಾಶಿಯನ್ನು ಹೆಚ್ಚಿಸದೆ ಟೈರನ್ನು ಒತ್ತಬಲ್ಲದ್ದು ಗಾಳಿ ಮಾತ್ರ.

1960ರ ದಶಕದಲ್ಲಿ ವಿನ್ಯಾಸಕಾರರು ವಿಮಾನದ ರೆಕ್ಕೆಯನ್ನು ತಲೆಕೆಳಗಾಗಿಸಿ ಕಾರಿನ ಮೇಲೆ ಕೂರಿಸಿದ್ದು ಈ ಕಾರಣಕ್ಕೇ. ರೆಕ್ಕೆಗೆ ಒಂದು ದೊಡ್ಡ ಕೊರತೆಯಿದೆ: ಅದು ಕೊಡುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 240 ಕಿ.ಮೀ. ವೇಗದಲ್ಲಿ ಸಿಗುವ ಒತ್ತಡದ ಹದಿನಾರನೇ ಒಂದು ಪಾಲಷ್ಟೇ 60 ಕಿ.ಮೀ. ವೇಗದಲ್ಲಿ ಸಿಗುತ್ತದೆ. ನಿಧಾನವಾದ ಕಡಿದಾದ ತಿರುವಿನಲ್ಲಿ, ಅಂದರೆ ಹಿಡಿತ ಅತ್ಯಗತ್ಯವಾದ ಕಡೆಯೇ, ರೆಕ್ಕೆ ಕೆಲಸಕ್ಕೆ ಬಾರದು.

ಅಮೆರಿಕದ ಟೆಕ್ಸಾಸ್‌ನ ಜಿಮ್ ಹಾಲ್ ಸ್ವತಃ ರೇಸ್ ಚಾಲಕರಾಗಿದ್ದರು. 1970ರಲ್ಲಿ ಅವರ ತಂಡ ಅಮೆರಿಕ-ಕೆನಡಾಗಳ ಕ್ಯಾನ್-ಆಮ್ ರೇಸ್ ಸರಣಿಗೆ ತಂದ ಚಾಪರಲ್ 2ಜೆ ನೋಡಲು ಚಂದದ ಕಾರೇನಲ್ಲ. ಪೆಟ್ಟಿಗೆಯಂಥ ಅದರ ಹಿಂಭಾಗದಲ್ಲಿ ಎರಡು ದೊಡ್ಡ ಫ್ಯಾನುಗಳಿದ್ದವು. ಅವುಗಳನ್ನು ತಿರುಗಿಸಲೆಂದೇ ಸ್ನೋಮೊಬೈಲಿನಲ್ಲಿ ಬಳಸುವಂಥ ಪುಟ್ಟ ಎರಡು-ಸ್ಟ್ರೋಕ್ ಎಂಜಿನನ್ನು ಪ್ರತ್ಯೇಕವಾಗಿ ಅಳವಡಿಸಲಾಗಿತ್ತು. ಕಾರಿನ ತಳದ ಅಂಚಿನಲ್ಲಿ ನೆಲಕ್ಕೆ ತಾಗುವಷ್ಟು ಸಮೀಪ ಇಳಿಬಿದ್ದ ಪಾರದರ್ಶಕ ಪ್ಲಾಸ್ಟಿಕ್ಕಿನ ಸ್ಕರ್ಟುಗಳು ಹೊರಗಿನ ಗಾಳಿ ಒಳನುಗ್ಗದಂತೆ ತಡೆಯುತ್ತಿದ್ದವು. ಫ್ಯಾನು ತಳದ ಗಾಳಿಯನ್ನು ಎಳೆದು ಹಿಂದಕ್ಕೆ ದೂಡಿದಾಗ ಅಲ್ಲಿ ಒತ್ತಡ ಕುಸಿಯುತ್ತದೆ. ಮೇಲಿನ ವಾತಾವರಣವೇ ಕಾರನ್ನು ಕೆಳಕ್ಕೆ ಅದುಮುತ್ತದೆ.

ಇದರ ಬಲವನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರಿನ ಮೇಲೆ ವಾತಾವರಣ ಹೇರುವ ಭಾರ ಸುಮಾರು 10 ಟನ್. ಕಾರಿನ ತಳ 3 ಚದರ ಮೀಟರ್ ಎಂದಿಟ್ಟುಕೊಂಡು ಅಲ್ಲಿನ ಒತ್ತಡವನ್ನು ಶೇಕಡಾ 5ರಷ್ಟು ಇಳಿಸಿದರೆ ಒಂದೂವರೆ ಟನ್ ಒತ್ತುಬಲ ಸಿಗುತ್ತದೆ. ನಿರ್ವಾತವೇನೂ ಬೇಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಬಲಕ್ಕೂ ಕಾರಿನ ವೇಗಕ್ಕೂ ಸಂಬಂಧವಿಲ್ಲ. ನಿಂತ ಕಾರಿಗೂ ಅದು ಪೂರ್ತಿ ದೊರೆಯುತ್ತದೆ.

ವಾಟ್ಕಿನ್ಸ್ ಗ್ಲೆನ್‌ನ ಮೊದಲ ರೇಸಿನಲ್ಲೇ ಜಾಕಿ ಸ್ಟೀವರ್ಟ್ 2ಜೆಯಲ್ಲಿ ಅತಿ ವೇಗದ ಸುತ್ತನ್ನು ದಾಖಲಿಸಿದರು. ಬಳಿಕ ವಿಕ್ ಎಲ್ಫರ್ಡ್ ಅರ್ಹತಾ ಸುತ್ತುಗಳಲ್ಲಿ ಮತ್ತೆ ಮತ್ತೆ ಮೊದಲಿಗರಾದರು. ಯಂತ್ರ ಕೈಕೊಡುತ್ತಲೇ ಇದ್ದುದರಿಂದ ಅದು ಒಂದು ರೇಸನ್ನೂ ಗೆಲ್ಲಲಿಲ್ಲ. ಆದರೂ ಎದುರಾಳಿಗಳು ಫ್ಯಾನು ಕಲ್ಲು ಧೂಳುಗಳನ್ನು ತಮ್ಮ ಮೇಲೆ ಎರಚುತ್ತದೆಂದು ದೂರಿದರು, ಮತ್ತು ಆ ವರ್ಷ ಮುಗಿಯುವುದರೊಳಗೆ ಅದನ್ನು 'ಚಲಿಸುವ ವಾಯುಬಲ ಸಾಧನ' ಎಂದು ನಿಷೇಧಿಸಲಾಯಿತು. ಗೆಲ್ಲದ ಕಾರಿಗೆ ಇಷ್ಟು ಹೆದರಿದ್ದೇ ಅದರ ಸಾಮರ್ಥ್ಯಕ್ಕೆ ಸಿಕ್ಕ ಪ್ರಮಾಣಪತ್ರವೆನ್ನಬೇಕು.

ಫಾರ್ಮುಲಾ 1ರಲ್ಲಿ ಲೋಟಸ್ ತಂಡ ಫ್ಯಾನಿಲ್ಲದೆಯೇ ತಳದ ಒತ್ತಡವನ್ನು ಇಳಿಸುವ ದಾರಿ ಕಂಡುಕೊಂಡಿತು. 1978ರ ಲೋಟಸ್ 79ರ ಎರಡೂ ಬದಿಯಲ್ಲಿ ನಡುವೆ ಕಿರಿದಾಗಿ ಹಿಂದಕ್ಕೆ ಅಗಲವಾಗುವ ಸುರಂಗಗಳಿದ್ದವು. ಕಿರಿದಾದೆಡೆ ಗಾಳಿ ವೇಗ ಪಡೆದು ಒತ್ತಡ ಕಳೆದುಕೊಳ್ಳುತ್ತಿತ್ತು. ಬ್ರಾಬಮ್ ತಂಡದ ವಿನ್ಯಾಸಕಾರ ಗಾರ್ಡನ್ ಮರ್ರೆಗೆ ಈ ದಾರಿ ಮುಚ್ಚಿತ್ತು, ಏಕೆಂದರೆ ಅವರ ಪಾಲಿಗೆ ಬಂದಿದ್ದ ಆಲ್ಫಾ ರೋಮಿಯೋದ ಚಪ್ಪಟೆ 12 ಸಿಲಿಂಡರ್ ಎಂಜಿನ್ ತೀರಾ ಅಗಲವಾಗಿದ್ದು ಸುರಂಗಕ್ಕೆ ಜಾಗವನ್ನೇ ಉಳಿಸಿರಲಿಲ್ಲ. ಲೋಟಸ್‌ನವರು ಚಾಪೆಯ ಕೆಳಗೆ ತೂರಿದರೆ ಮರ್ರೆ ರಂಗೋಲಿಯ ಕೆಳಗೆ ತೂರಿದರು. ಎಂಜಿನ್ನಿನ ಮೇಲೆ ರೇಡಿಯೇಟರನ್ನು ಅಡ್ಡಲಾಗಿ ಮಲಗಿಸಿ, ಹಿಂದೆ ಒಂದು ದೊಡ್ಡ ಫ್ಯಾನನ್ನಿಟ್ಟು, ಇದು ಮುಖ್ಯವಾಗಿ ಎಂಜಿನ್ ತಂಪಾಗಿಸುವ ಸಾಧನವೆಂದು ವಾದಿಸಿದರು. ಫ್ಯಾನು ಗಾಳಿಯನ್ನು ರೇಡಿಯೇಟರಿನ ಮೂಲಕ ಎಳೆಯುತ್ತಿದ್ದುದು ನಿಜ; ಜೊತೆಗೆ ಕಾರಿನ ತಳವನ್ನೂ ಬರಿದುಮಾಡುತ್ತಿತ್ತು.

ಆ ಫ್ಯಾನು ಗೇರ್‌ಬಾಕ್ಸಿನಿಂದಲೇ ತಿರುಗುತ್ತಿದ್ದುದರಿಂದ ನಿಂತಲ್ಲೇ ಆಕ್ಸಿಲರೇಟರ್ ಒತ್ತಿದರೂ ಕಾರು ನೆಲದತ್ತ ಕುಸಿಯುವುದು ಕಣ್ಣಿಗೆ ಕಾಣುತ್ತಿತ್ತು. ಚಾಲಕನಿಗೆ ಇದು ವಿಚಿತ್ರ ಪಾಠ: ತಿರುವಿನಲ್ಲಿ ಹಿಡಿತ ಕಡಿಮೆಯಾಯಿತೆನಿಸಿದಾಗ ಕಾಲು ಸಡಿಲಿಸಿದರೆ ಫ್ಯಾನೂ ನಿಧಾನವಾಗಿ ಹಿಡಿತ ಇನ್ನಷ್ಟು ತಪ್ಪುತ್ತದೆ, ಆದ್ದರಿಂದ ಕಾಲನ್ನು ಒತ್ತಿಯೇ ಇಡಬೇಕು. 1978ರ ಜೂನ್‌ನಲ್ಲಿ ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ನಿಕಿ ಲೌಡಾ ಈ ಕಾರಿನಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಟ್ರ್ಯಾಕಿನ ಮೇಲೆ ಎಣ್ಣೆ ಚೆಲ್ಲಿ ಉಳಿದವರು ಜಾರುತ್ತಿದ್ದಾಗ ಲೌಡಾರ ಕಾರು ಏನೂ ಆಗದಂತೆ ಮುಂದೆ ಸಾಗಿತು. ಗೆಲುವು ಊರ್ಜಿತವಾಯಿತು, ಆದರೆ ಕಾರು ಮತ್ತೆ ಗ್ರ್ಯಾಂಡ್ ಪ್ರೀಗೆ ಇಳಿಯಲಿಲ್ಲ; ಇಲ್ಲೂ ಫ್ಯಾನಿಗೆ ನಿಷೇಧ ಬಂತು.

ಈ ನಿಷೇಧಗಳನ್ನು ಕೇವಲ ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದು ಸರಿಯಲ್ಲ. ಹೀರುವ ಬಲವನ್ನು ನಂಬಿ ತಿರುವಿಗೆ ನುಗ್ಗಿದ ಕಾರಿನ ಸ್ಕರ್ಟು ಹರಿದರೆ ಅಥವಾ ಫ್ಯಾನು ನಿಂತರೆ ಹಿಡಿತ ಒಮ್ಮೆಲೇ ಮಾಯವಾಗುತ್ತದೆ. ತಳದ ಗಾಳಿ ತಿರುಗಿಬಿದ್ದರೆ ಏನಾಗುತ್ತದೆಂಬುದನ್ನು 1999ರ ಲೆ ಮಾನ್ಸ್ ರೇಸ್ ತೋರಿಸಿತು: ಮೂತಿ ಕೊಂಚ ಎದ್ದೊಡನೆ ಅಡಿಗೆ ನುಗ್ಗಿದ ಗಾಳಿ ಮರ್ಸಿಡಿಸ್ ಸಿಎಲ್ಆರ್ ಕಾರುಗಳನ್ನು ಆಕಾಶಕ್ಕೆ ಎಸೆಯಿತು.

ಫ್ಯಾನಿನ ಯೋಚನೆಯನ್ನು ಈಗ ಬ್ರಿಟನ್ನಿನ ಮೆಕ್‌ಮರ್ಟ್ರಿ ಸ್ಪೀರ್ಲಿಂಗ್ ಎಂಬ ಒಬ್ಬರೇ ಕೂರುವ ಪುಟ್ಟ ವಿದ್ಯುತ್ ಕಾರು ಮುಂದಕ್ಕೊಯ್ದಿದೆ. ಬ್ಯಾಟರಿಯಿಂದ ತಿರುಗುವ ಅದರ ಫ್ಯಾನುಗಳಿಗೆ ಗೇರ್‌ಬಾಕ್ಸಿನ ಹಂಗಿಲ್ಲ. ನಿಂತಲ್ಲೇ ಅವು 2,000 ಕೆ.ಜಿ.ಯಷ್ಟು ಒತ್ತುಬಲ ಕೊಡುತ್ತವೆ. ಇಂಗ್ಲೆಂಡಿನ ಗುಡ್‌ವುಡ್‌ನ 1.86 ಕಿ.ಮೀ. ಏರುದಾರಿಯನ್ನು 1999ರಲ್ಲಿ ನಿಕ್ ಹೈಡ್‌ಫೆಲ್ಡ್ ಮೆಕ್‌ಲಾರೆನ್ ಫಾರ್ಮುಲಾ 1 ಕಾರಿನಲ್ಲಿ 41.6 ಸೆಕೆಂಡಿನಲ್ಲಿ ಹತ್ತಿದ್ದರು. 2022ರಲ್ಲಿ ಮ್ಯಾಕ್ಸ್ ಚಿಲ್ಟನ್ ಸ್ಪೀರ್ಲಿಂಗ್‌ನಲ್ಲಿ ಅದನ್ನು 39.08ಕ್ಕೆ ಇಳಿಸಿದರು. ಒತ್ತುಬಲ ಕಾರಿನ ತೂಕವನ್ನು ಮೀರಿದರೆ ಅದು ಚಾವಣಿಗೂ ಅಂಟಿಕೊಳ್ಳಬೇಕೆಂಬ ಹಳೆಯ ಲೆಕ್ಕವನ್ನು 2025ರಲ್ಲಿ ಇದೇ ಕಾರು ಸಾಬೀತುಪಡಿಸಿತು. ಕಾರನ್ನು ನಿಲ್ಲಿಸಿದ ವೇದಿಕೆಯನ್ನೇ ಮಗುಚಿದಾಗ ಅದು ಬೀಳಲಿಲ್ಲ. ತಲೆಕೆಳಗಾಗಿದ್ದಂತೆಯೇ ತನ್ನ ಚಕ್ರಗಳ ಮೇಲೆ ಕೊಂಚ ದೂರ ಮುಂದಕ್ಕೂ ಚಲಿಸಿತು.