ಆಡಿಯೋ ಫಿಂಗರ್‌ಪ್ರಿಂಟ್: ಫೋನು ಹಾಡನ್ನು ಗುರುತು ಹಿಡಿಯುವ ಬಗೆ

1902ರಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಗ್ರಾಮಫೋನಿಗಾಗಿ ಹಾಡಿದರು. ಆಗಿನ ಅವರ ತಟ್ಟೆಗಳನ್ನು ಈಗ ಇಂಟರ್ನೆಟ್ಟಿನಲ್ಲೇ ಕೇಳಬಹುದು. ಮೂರು ನಿಮಿಷದೊಳಗೆ ಹಾಡು ಮುಗಿಯುತ್ತದೆ, ಮುಗಿದ ಬೆನ್ನಿಗೇ ಆಕೆ ಗಟ್ಟಿ ದನಿಯಲ್ಲಿ ಇಂಗ್ಲಿಷಿನಲ್ಲಿ 'ಮೈ ನೇಮ್ ಈಸ್ ಗೌಹರ್ ಜಾನ್' ಅನ್ನುತ್ತಾರೆ. ಇದು ಜಂಬದ ಮಾತಾಗಿರಲಿಲ್ಲ. ಆ ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹಿಂದುಸ್ತಾನಿಯ ಗಂಧಗಾಳಿ ಇಲ್ಲದ ಅಲ್ಲಿನ ಕೆಲಸಗಾರರು ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕು ಎಂದು ತಿಳಿಯಲಿ ಅಂತ ಹಾಡಿನ ಕೊನೆಗೆ ಹೆಸರು ಹೇಳಿಸುವ ಪದ್ಧತಿ ಇತ್ತು. ಮುಂದೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ಗೌಹರ್ ಜಾನ್, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಆಮೇಲೆ ಹೆಸರು ಹೇಳುವ ಕೆಲಸ ರೇಡಿಯೋ ಉದ್ಘೋಷಕರದಾಯಿತು. ಚಿತ್ರ ಯಾವುದು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಆಕಾಶವಾಣಿ ಒಂದೂ ಬಿಡದೆ ಹೇಳುತ್ತಿತ್ತು. ನಮ್ಮ ಹಿರಿಯರಿಗೆ ಗೀತರಚನೆಕಾರರ ಹೆಸರುಗಳೆಲ್ಲ ಬಾಯಿಪಾಠ ಆಗಿದ್ದದ್ದು ಹಾಗೆ. ಈಗ ಹೆಸರು ಹೇಳುವವರೇ ಕಡಿಮೆ. ಬಸ್ಸಿನಲ್ಲಿ ಡ್ರೈವರ್ ಹಾಕಿದ ಪೆನ್‌ಡ್ರೈವ್, ಮದುವೆ ಮನೆಯ ಸ್ಪೀಕರ್, ಯಾರದ್ದೋ ವಾಟ್ಸ್ಯಾಪ್ ಸ್ಟೇಟಸ್ಸಿನ ಹದಿನೈದು ಸೆಕೆಂಡು. ಹಾಡು ಕಿವಿಗೆ ಬೀಳುತ್ತದೆ, ಹೆಸರು ಬೀಳುವುದಿಲ್ಲ. ಆಗ ಫೋನು ತೆಗೆದು ಶಜಾಮ್ ಎಂಬ ಆ್ಯಪಿನ ಗುಂಡಿ ಒತ್ತುತ್ತೇವೆ, ಇಲ್ಲವೇ ಗೂಗಲ್‌ನ ಮೈಕ್ ಒತ್ತಿ 'ಇದು ಯಾವ ಹಾಡು' ಎಂದು ಕೇಳುತ್ತೇವೆ. ನಾಲ್ಕಾರು ಸೆಕೆಂಡಿನಲ್ಲಿ ಉತ್ತರ ಬರುತ್ತದೆ. ಆ ಉತ್ತರದ ಹಿಂದಿರುವ ವಿದ್ಯೆಯ ಹೆಸರು ಆಡಿಯೋ ಫಿಂಗರ್‌ಪ್ರಿಂಟ್, ಅಂದರೆ ಧ್ವನಿಯ ಬೆರಳಚ್ಚು.

ಒಂದು ಧ್ವನಿಮುದ್ರಣದಿಂದ ತೆಗೆದ, ಮೂಲ ಧ್ವನಿಗಿಂತ ಎಷ್ಟೋ ಚಿಕ್ಕದಾದ, ಗದ್ದಲದಲ್ಲೂ ಅಳಿಸಿಹೋಗದ ಅಂಕಿಗಳ ಗುರುತಿಗೆ ಈ ಹೆಸರು. ಬೆರಳಚ್ಚು ನೋಡಿ ಮನುಷ್ಯನ ಮುಖ ಬರೆಯಲಾಗದು. ಹಾಗೆಯೇ ಈ ಅಂಕಿಗಳಿಂದ ಹಾಡನ್ನು ಮತ್ತೆ ನುಡಿಸಲಾಗದು. ಮೊದಲೇ ತೆಗೆದಿಟ್ಟ ಇನ್ನೊಂದು ಅಚ್ಚಿನ ಜೊತೆ ಹೋಲಿಸಿ 'ಹೌದು, ಇದೇ' ಅನ್ನುವುದಕ್ಕಷ್ಟೇ ಅವು ಬರುತ್ತವೆ.

ಈ ಅಚ್ಚನ್ನು ತೆಗೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಫೋನಿಗೆ ಕೇಳುವುದು ಬರೀ ಹಾಡಲ್ಲ. ಮಿಕ್ಸಿಯ ಸದ್ದು, ಪಕ್ಕದವರ ಮಾತು, ಹಾರ್ನು ಎಲ್ಲ ಸೇರಿದ ಕಲಸುಮೇಲೋಗರ ಅದು. ಆ ಸದ್ದನ್ನು ಫೋರಿಯರ್ ಎಂಬ ಫ್ರೆಂಚ್ ಗಣಿತಜ್ಞನ ಹೆಸರಿನ ಲೆಕ್ಕದಿಂದ ಬಿಡಿಬಿಡಿ ಆವರ್ತನಗಳಾಗಿ ಒಡೆಯುತ್ತಾರೆ. ಯಾವ ಕ್ಷಣದಲ್ಲಿ ಯಾವ ಆವರ್ತನ ಎಷ್ಟು ಜೋರಾಗಿದೆ ಎಂದು ತೋರಿಸುವ ಒಂದು ಪಟ ಸಿಗುತ್ತದೆ. ಅಡ್ಡಕ್ಕೆ ಕಾಲ, ಉದ್ದಕ್ಕೆ ಆವರ್ತನ, ಬಣ್ಣದ ಗಾಢತೆಯಲ್ಲಿ ಜೋರು. ಇದಕ್ಕೆ ಸ್ಪೆಕ್ಟ್ರೋಗ್ರಾಮ್ ಎಂದು ಹೆಸರು. ಮುಂದಿನ ಹೆಜ್ಜೆಯಲ್ಲೇ ಜಾಣತನ ಇರುವುದು: ಆ ಪಟದಲ್ಲಿ ಸುತ್ತಮುತ್ತಲಿಗಿಂತ ಎದ್ದು ಕಾಣುವ ಶಿಖರಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಎಸೆದುಬಿಡುತ್ತಾರೆ. ಕೊನೆಗೆ ಉಳಿಯುವುದು ಕಪ್ಪು ಹಿನ್ನೆಲೆಯಲ್ಲಿ ಚದುರಿದ ಚುಕ್ಕಿಗಳು. ಶಜಾಮ್‌ನ ಸ್ಥಾಪಕರಲ್ಲಿ ಒಬ್ಬರಾದ ಏವರಿ ವಾಂಗ್ 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ನಕ್ಷತ್ರಪುಂಜದ ನಕ್ಷೆ ಎಂದೇ ಕರೆದರು.

ಶಿಖರಗಳನ್ನೇ ಆರಿಸಲು ಕಾರಣ ಇದೆ. ಅಗ್ಗದ ಸ್ಪೀಕರ್ ತಗ್ಗಿನ ಸದ್ದನ್ನು ನುಂಗುತ್ತದೆ, ಫೋನಿನ ಮೈಕು ತನಗೆ ಬೇಕಾದ್ದನ್ನು ಎತ್ತಿಹಿಡಿಯುತ್ತದೆ, ಕೋಣೆಯ ಗೋಡೆ ಪ್ರತಿಧ್ವನಿ ಸೇರಿಸುತ್ತದೆ. ಇವೆಲ್ಲ ಸದ್ದಿನ ಜೋರನ್ನು ಹೆಚ್ಚುಕಡಿಮೆ ಮಾಡುತ್ತವೆಯೇ ಹೊರತು, ಬಲವಾದ ಶಿಖರ ಯಾವ ಹೊತ್ತಿನಲ್ಲಿ ಯಾವ ಆವರ್ತನದಲ್ಲಿತ್ತು ಎಂಬುದನ್ನು ಅಷ್ಟು ಸುಲಭವಾಗಿ ಕದಲಿಸುವುದಿಲ್ಲ. ಗದ್ದಲ ತನ್ನದೇ ಕೆಲವು ಚುಕ್ಕಿಗಳನ್ನು ಸೇರಿಸಬಹುದು, ಕೆಲವನ್ನು ಮುಚ್ಚಬಹುದು. ಉಳಿದವು ಇದ್ದಲ್ಲೇ ಇರುತ್ತವೆ.

ಆದರೆ ಒಂಟಿ ಚುಕ್ಕಿಯಿಂದ ಏನೂ ಗೊತ್ತಾಗದು. 10 ಬಿಟ್‌ಗಳಲ್ಲಿ (ಬಿಟ್ ಅಂದರೆ ಕಂಪ್ಯೂಟರಿನ ಸೊನ್ನೆ ಇಲ್ಲವೇ ಒಂದು) ಒಂದು ಆವರ್ತನವನ್ನು ಬರೆದರೆ ಇರುವುದೇ 1,024 ಸಾಧ್ಯತೆ. ಪ್ರಪಂಚದ ಎಲ್ಲ ಹಾಡುಗಳಲ್ಲೂ ಅವು ಸಿಗುತ್ತವೆ. ಅದಕ್ಕೇ ಚುಕ್ಕಿಗಳನ್ನು ಜೋಡಿ ಮಾಡುತ್ತಾರೆ. ಮೊದಲ ಚುಕ್ಕಿಯ ಆವರ್ತನ, ಎರಡನೆಯದರ ಆವರ್ತನ, ನಡುವಿನ ಕಾಲದ ಅಂತರ, ಮೂರನ್ನೂ ಸೇರಿಸಿ ಒಂದು ಸಂಖ್ಯೆ. ಈಗ 30 ಬಿಟ್‌ಗಳಾದವು, ಸಾಧ್ಯತೆಗಳು 107 ಕೋಟಿ ದಾಟಿದವು. ಹೀಗೆ ಪ್ರತಿ ಹಾಡಿನಿಂದ ಸಾವಿರಾರು ಜೋಡಿಗಳನ್ನು ತೆಗೆದು, ಪ್ರತಿಯೊಂದೂ ಹಾಡಿನ ಎಷ್ಟನೇ ಕ್ಷಣದಲ್ಲಿತ್ತು ಎಂಬ ಟಿಪ್ಪಣಿಯೊಂದಿಗೆ ಉಗ್ರಾಣದಲ್ಲಿ ಇಡುತ್ತಾರೆ.

ನಿಮ್ಮ ಫೋನು ಕೇಳಿಸಿಕೊಂಡ ತುಣುಕಿಗೂ ಇದೇ ಸಂಸ್ಕಾರ. ಆಮೇಲೆ ಹೋಲಿಕೆ. ಆಕಸ್ಮಿಕವಾಗಿ ಹೊಂದುವ ಜೋಡಿಗಳು ನೂರಾರು ಹಾಡುಗಳಲ್ಲಿ ಸಿಕ್ಕೇ ಸಿಗುತ್ತವೆ. ನಿಜವಾದದ್ದನ್ನು ಹಿಡಿದುಕೊಡುವುದು ಕಾಲದ ಲೆಕ್ಕ. ತುಣುಕಿನ 2ನೇ ಸೆಕೆಂಡಿನ ಜೋಡಿ ಹಾಡಿನ 74ನೇ ಸೆಕೆಂಡಿನಲ್ಲಿ, 3ನೆಯದು 75ರಲ್ಲಿ, 5ನೆಯದು 77ರಲ್ಲಿ ಸಿಕ್ಕರೆ ಎಲ್ಲ ಕಡೆಯೂ ವ್ಯತ್ಯಾಸ 72. ಬೇರೆ ಹಾಡುಗಳಲ್ಲಿ ಈ ವ್ಯತ್ಯಾಸ ದಿಕ್ಕಾಪಾಲಾಗಿರುತ್ತದೆ. ಒಂದೇ ವ್ಯತ್ಯಾಸ ಮತ್ತೆ ಮತ್ತೆ ಬಂದ ಹಾಡೇ ಉತ್ತರ. ಪಲ್ಲವಿಯಿಂದ ಕೇಳಿಸಿದರೂ ಎರಡನೇ ಚರಣದ ನಡುವಿನಿಂದ ಕೇಳಿಸಿದರೂ ನಡೆಯುವುದು ಈ ಕಾರಣಕ್ಕೆ. ಗದ್ದಲ ತೀರಾ ಹೆಚ್ಚಿದ್ದಾಗ ನೂರರಲ್ಲಿ ಒಂದೆರಡು ಜೋಡಿ ಬದುಕಿ ಉಳಿದರೂ ಗುರುತು ಸಿಗುವುದುಂಟು.

ಇದೆಲ್ಲ ಸ್ಮಾರ್ಟ್‌ಫೋನಿಗಿಂತ ಹಳೆಯ ಕಥೆ. 1999ರಲ್ಲಿ ಶುರುವಾದ ಶಜಾಮ್ 2002ರಲ್ಲಿ ಬ್ರಿಟನ್ನಿನಲ್ಲಿ ಸೇವೆಗೆ ಇಳಿದಾಗ ಆ್ಯಪ್ ಎಂಬುದೇ ಇರಲಿಲ್ಲ. ಗುಂಡಿ ಫೋನಿನ ನಡುವಿನ ಸಾಲನ್ನು ಮೇಲಿಂದ ಕೆಳಕ್ಕೆ ಒತ್ತಿದರೆ ಬರುವ 2580ಕ್ಕೆ ಕರೆ ಮಾಡಿ ಫೋನನ್ನು ಸ್ಪೀಕರಿನ ಕಡೆ ಹಿಡಿಯಬೇಕಿತ್ತು. 30 ಸೆಕೆಂಡಿಗೆ ಕರೆ ತಾನಾಗಿ ಕಟ್ ಆಗುತ್ತಿತ್ತು, ಹಾಡಿನ ಹೆಸರು ಎಸ್‌ಎಂಎಸ್‌ನಲ್ಲಿ ಬರುತ್ತಿತ್ತು. ಮಾತಿಗಾಗಿ ಮಾಡಿದ ಫೋನ್ ಲೈನು ಸಂಗೀತವನ್ನು ಎಷ್ಟು ಹಾಳುಮಾಡುತ್ತದೆ ಎಂಬುದು, ಕಾಲರ್ ಟ್ಯೂನ್ ಕೇಳಿದ ಎಲ್ಲರಿಗೂ ಗೊತ್ತು. ಅಂಥ ಧ್ವನಿಯಲ್ಲೂ ಕೆಲಸ ಮಾಡಬೇಕಿದ್ದರಿಂದಲೇ ಆ ವಿಧಾನ ಅಷ್ಟು ಗಟ್ಟಿಯಾಯಿತು ಎಂದು ನನಗನ್ನಿಸುತ್ತದೆ. 2008ರಲ್ಲಿ ಐಫೋನಿನ ಆ್ಯಪ್ ಬಂತು, 2018ರಲ್ಲಿ ಕಂಪನಿಯೇ ಆ್ಯಪಲ್ ಪಾಲಾಯಿತು. ಗೂಗಲ್ 2017ರ ಪಿಕ್ಸೆಲ್ 2 ಫೋನಿನಲ್ಲಿ ಅಚ್ಚುಗಳ ಒಂದು ಚಿಕ್ಕ ಉಗ್ರಾಣವನ್ನು ಫೋನಿನೊಳಗೇ ಇಟ್ಟು, ಇಂಟರ್ನೆಟ್ ಇಲ್ಲದೆಯೂ ಸುತ್ತ ಕೇಳುವ ಹಾಡಿನ ಹೆಸರು ಲಾಕ್ ಪರದೆಯ ಮೇಲೆ ಬರುವ ಹಾಗೆ ಮಾಡಿತು.

ಈಗ ಈ ಪದದ ಬಗ್ಗೆ ಜನ ಸಾಮಾನ್ಯವಾಗಿ ತಪ್ಪಾಗಿ ತಿಳಿಯುವ ಸಂಗತಿಗೆ ಬರೋಣ. ಅಚ್ಚು ತೆಗೆಯುವುದು ಒಂದು ನಿರ್ದಿಷ್ಟ ಧ್ವನಿಮುದ್ರಣದಿಂದ. ರಾಗ, ತಾಳ, ಸಾಹಿತ್ಯ ಯಾವುದೂ ಅದಕ್ಕೆ ಗೊತ್ತಿಲ್ಲ. ಬೇಂದ್ರೆಯವರ ಒಂದೇ ಕವಿತೆಯನ್ನು ನಾಲ್ವರು ಗಾಯಕರು ಹಾಡಿದ್ದರೆ ಆ್ಯಪಿನ ಪಾಲಿಗೆ ಅವು ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ವಸ್ತುಗಳು. ಅದೇ ಗಾಯಕಿ ಅದೇ ಹಾಡನ್ನು ವೇದಿಕೆಯ ಮೇಲೆ ಹಾಡಿದರೂ ಆ್ಯಪ್ ಪೆಚ್ಚಾಗುತ್ತದೆ. ಹಾಗೆ ನೋಡಿದರೆ ವೇದಿಕೆಯ ಹಾಡನ್ನು ಆ್ಯಪ್ ಥಟ್ಟನೆ ಗುರುತು ಹಿಡಿದಾಗಲೇ ಅನುಮಾನ ಪಡಬೇಕು: ಗಾಯಕರು ತುಟಿಯಷ್ಟೇ ಆಡಿಸುತ್ತಿರಬಹುದು! ಈ ಮಾತು ವಾಂಗ್ ಅವರ ಪ್ರಬಂಧದಲ್ಲೂ ಬರುತ್ತದೆ. ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾಗಳ ಮುಂದೆ ಈ ಪರೀಕ್ಷೆ ಮಾಡಿ ಯಾರೊಡನೆಯೂ ಜಗಳ ತಂದುಕೊಳ್ಳಬೇಡಿ. ಹಾಡು ನಿಜವಾಗಿದ್ದು, ಹಿಂದಿನ ವಾದ್ಯಗಳ ಟ್ರ್ಯಾಕ್ ಮಾತ್ರ ಮೂಲದ್ದಾಗಿರುವ ಸಾಧ್ಯತೆಯೂ ಇದೆ.

ಶ್ರುತಿ ಬದಲಾದರೂ ಕೆಲಸ ಕೆಡುತ್ತದೆ. ಒಂದು ಸ್ವರಸ್ಥಾನದಷ್ಟು ಏರಿಸಿದರೆ ಎಲ್ಲ ಆವರ್ತನಗಳೂ ಸುಮಾರು ಶೇ. 6ರಷ್ಟು ಮೇಲೇರುತ್ತವೆ, ಚುಕ್ಕಿಗಳೆಲ್ಲ ಜಾಗ ಬಿಡುತ್ತವೆ. ಬೆಲ್ಟ್ ಸಡಿಲವಾದ ಟೇಪ್‌ರೆಕಾರ್ಡರಿನಲ್ಲಿ ಎಳೆದೆಳೆದು ಹಾಡುವ ಕ್ಯಾಸೆಟ್ಟನ್ನು ಆ್ಯಪ್ ಗುರುತಿಸದಿದ್ದರೆ ಕಾರಣ ಇದು. ಯೂಟ್ಯೂಬಿನಲ್ಲಿ ಕೆಲವರು ಹಳೆಯ ಹಾಡುಗಳನ್ನು ಕೀಚಲು ದನಿಯಲ್ಲಿ ಹಾಕುವುದಕ್ಕೂ ಕಾರಣ ಇದೇ. ಅಲ್ಲಿ 2007ರಿಂದ ಇರುವ ಕಂಟೆಂಟ್ ಐಡಿ ವ್ಯವಸ್ಥೆ ಹಕ್ಕುದಾರರು ಕೊಟ್ಟ ಮೂಲಗಳ ಅಚ್ಚಿನೊಡನೆ ಪ್ರತಿ ವಿಡಿಯೋವನ್ನೂ ಹೋಲಿಸುತ್ತದೆ, ಅದರ ಕಣ್ಣು ತಪ್ಪಿಸುವ ಆಟ ಅದು. ನಿಮ್ಮ ಮನೆಯ ಗೃಹಪ್ರವೇಶದ ವಿಡಿಯೋಗೆ ಹಿಂದೆ ಯಾವುದೋ ಚಿತ್ರಗೀತೆ ಕೇಳುತ್ತಿತ್ತು ಎಂಬ ಒಂದೇ ಕಾರಣಕ್ಕೆ ಕಾಪಿರೈಟ್ ನೋಟಿಸ್ ಬಂದಿದ್ದರೆ, ಅದನ್ನು ಕಳಿಸಿದ್ದು ಮನುಷ್ಯರಲ್ಲ, ಇದೇ ವಿದ್ಯೆ. ರೇಡಿಯೋ, ಟಿ.ವಿ.ಗಳಲ್ಲಿ ಯಾವ ಹಾಡು ಎಷ್ಟು ಸಲ ಬಂತೆಂದು ಲೆಕ್ಕ ಇಡಲೂ ಇದನ್ನು ಬಳಸುತ್ತಾರೆ. 2012ರ ತಿದ್ದುಪಡಿಯ ನಂತರ ಭಾರತದ ಕಾಪಿರೈಟ್ ಕಾಯಿದೆ ಚಿತ್ರಸಾಹಿತಿಗಳಿಗೂ ಸಂಗೀತ ಸಂಯೋಜಕರಿಗೂ ರಾಯಲ್ಟಿಯ ಹಕ್ಕನ್ನು ಗಟ್ಟಿಮಾಡಿದೆ. ಆ ಹಣ ಸರಿಯಾದ ಮನೆಗೆ ಮುಟ್ಟಬೇಕಾದರೆ ಇಂಥ ಲೆಕ್ಕ ಬೇಕೇ ಬೇಕು. ನನ್ನ ಕೇಳಿದರೆ, ಬಸ್ಸಿನಲ್ಲಿ ಕೂತು ಹಾಡಿನ ಹೆಸರು ತಿಳಿಯುವುದಕ್ಕಿಂತ ದೊಡ್ಡ ಉಪಯೋಗ ಇದು.

ಹಾಗಾದರೆ ಗುನುಗಿದರೂ ಗೂಗಲ್ ಹಾಡು ಹೇಳುತ್ತದಲ್ಲ? ಹೇಳುತ್ತದೆ, ಆದರೆ ಆ ವಿದ್ಯೆ ಬೇರೆ. ಅಲ್ಲಿ ವಾದ್ಯ, ಕಂಠ, ಶ್ರುತಿ ಎಲ್ಲವನ್ನೂ ಕಳಚಿ ಧಾಟಿಯ ಏರಿಳಿತವನ್ನಷ್ಟೇ ಹಿಡಿಯುತ್ತಾರೆ. ನೀವು ಎರಡು ಮನೆ ಶ್ರುತಿಯಲ್ಲಿ ಗುನುಗಿದರೂ ಐದು ಮನೆಯಲ್ಲಿ ಗುನುಗಿದರೂ ಏರಿಳಿತ ಅದೇ. ಸೌಂಡ್‌ಹೌಂಡ್ ಎಂಬ ಇನ್ನೊಂದು ಆ್ಯಪ್ ಈ ದಾರಿಯಲ್ಲಿ ಮೊದಲೇ ನಡೆದಿತ್ತು; ಗೂಗಲ್ 2020ರಲ್ಲಿ ಯಂತ್ರಕಲಿಕೆಯ ಬಲದಿಂದ ಇದನ್ನು ತಂದಿತು. ಹತ್ತು ಹದಿನೈದು ಸೆಕೆಂಡು ಗುನುಗಬೇಕು, ಉತ್ತರವೂ ಒಂದೇ ಬರುವುದಿಲ್ಲ, ಇಷ್ಟು ಪರ್ಸೆಂಟ್ ಹೋಲುತ್ತದೆ ಎಂಬ ಪಟ್ಟಿ ಬರುತ್ತದೆ. ಜನಪ್ರಿಯ ಚಿತ್ರಗೀತೆಗೆ ಇದು ಚೆನ್ನಾಗಿ ನಡೆಯುತ್ತದೆ. ಅಜ್ಜಿ ಹೇಳುತ್ತಿದ್ದ ಸೋಬಾನೆಯನ್ನೋ ಬೀಸುವ ಪದವನ್ನೋ ಗುನುಗಿದರೆ, ಅದೇ ಧಾಟಿಯಂತೆ ಕಾಣುವ ಯಾವುದೋ ಊರಿನ ಯಾವುದೋ ಹಾಡನ್ನು ತೋರಿಸಬಹುದು. ಉಗ್ರಾಣದಲ್ಲಿ ಇಲ್ಲದ್ದನ್ನು ಯಾವ ವಿದ್ಯೆಯೂ ಹುಡುಕಿಕೊಡದು. ಕಛೇರಿಯ ಆಲಾಪನೆ ಕೇಳಿಸಿ ರಾಗ ಯಾವುದೆಂದು ಕೇಳುವುದು ಇನ್ನೂ ಬೇರೆಯದೇ ಪ್ರಶ್ನೆ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಕಾಂಪ್‌ಮ್ಯೂಸಿಕ್ ಯೋಜನೆಯಲ್ಲಿ ಕರ್ನಾಟಕ ಸಂಗೀತದ ಮೇಲೆ ಇಂಥ ಕೆಲಸ ನಡೆದಿದೆ, ಆದರೆ ಶಜಾಮ್‌ನ ಗುಂಡಿಗೆ ಆ ಉತ್ತರ ಗೊತ್ತಿಲ್ಲ.

ಮೈಕು ಆನ್ ಆಗುತ್ತದಲ್ಲ, ನಮ್ಮ ಮಾತೆಲ್ಲ ಹೋಗುತ್ತದೆಯೇ ಎಂಬ ಅಳುಕು ಸಹಜ. ತಾನು ಧ್ವನಿಯನ್ನಲ್ಲ, ಅಚ್ಚನ್ನಷ್ಟೇ ಹೋಲಿಕೆಗೆ ಕಳಿಸುತ್ತೇನೆಂದು ಶಜಾಮ್ ಹೇಳುತ್ತದೆ. ಆದರೂ ಮೈಕಿನ ಅನುಮತಿಯನ್ನು 'ಬಳಸುವಾಗ ಮಾತ್ರ' ಎಂದು ಇಟ್ಟರೆ ನಷ್ಟವೇನಿಲ್ಲ.

ಕನ್ನಡದ ಮಟ್ಟಿಗೆ ನಿಜವಾದ ಕೊರತೆ ಇರುವುದು ಅಚ್ಚಿನಲ್ಲಲ್ಲ, ಅದರ ಮೇಲಿನ ಚೀಟಿಯಲ್ಲಿ. ಹಾಡಿನ ಹೆಸರು, ಗಾಯಕರು, ಆಲ್ಬಮ್ ಎಲ್ಲವೂ ಕಂಪನಿಗಳು ತುಂಬಿಕೊಟ್ಟ ಮಾಹಿತಿ. ಅದು ಹಲವು ಸಲ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ, ಒಂದೇ ಹೆಸರಿಗೆ ಮೂರು ಸ್ಪೆಲ್ಲಿಂಗ್ ಇರುತ್ತದೆ, ಹಳೆಯ ಹಾಡು ಮೂಲ ಚಿತ್ರದ ಬದಲು ಯಾವುದೋ 'ಹಿಟ್ಸ್' ಸಂಕಲನದ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಭಾವಗೀತೆಯಾದರೆ ಹಾಡಿದವರ ಹೆಸರು ಮೊದಲ ಪರದೆಯಲ್ಲೇ ಇರುತ್ತದೆ, ಬರೆದ ಕವಿಯನ್ನು ಹುಡುಕಿಕೊಂಡು ಹೋಗಬೇಕು. ಅಂಥ ಹೊತ್ತಿನಲ್ಲಿ ಕಿವಿಗೆ ಬಿದ್ದ ಒಂದು ಸಾಲನ್ನು ಕನ್ನಡದಲ್ಲೇ ಟೈಪ್ ಮಾಡಿ ಹುಡುಕಿ ನೋಡಿ. ಪೂರ್ತಿ ಪದ್ಯವೂ ಕವಿಯ ಹೆಸರೂ ಒಟ್ಟಿಗೇ ಸಿಗುವುದುಂಟು.