ನಡಾವಳಿ ಪುಸ್ತಕದ ಸಹಿ ಹಾಜರಿ ಸಹಿ ಅಲ್ಲ

ನಗರದ ಸರ್ಕಾರಿ ಶಾಲೆಗಳ ತಂದೆ ತಾಯಂದಿರು ನನ್ನ ಹತ್ತಿರ ಬಂದರೆ ಮೊದಲು ಫೋನ್ ತೆಗೆದು ಫೋಟೋ ತೋರಿಸುತ್ತಾರೆ. ಉದುರಿದ ಗಾರೆ, ನೀರಿಲ್ಲದ ಶೌಚಾಲಯ, ಕಿಟಕಿ ಪಕ್ಕ ಜೋತುಬಿದ್ದ ವೈರು. "ಇದಕ್ಕಿಂತ ಸಾಕ್ಷಿ ಬೇಕಾ ಮೇಡಂ?" ಅಂತ ಕೇಳುತ್ತಾರೆ. ನಾನು ಇನ್ನೊಂದು ಕೇಳುತ್ತೇನೆ. "ನೀವು ಶಾಲೆಯ ಎಸ್‌ಡಿಎಂಸಿ ಸಮಿತಿಯ ಸದಸ್ಯರಾ? ಕಳೆದ ವರ್ಷ ಸಭೆಯ ತೀರ್ಮಾನ ಬರೆದಿಡುವ ನಡಾವಳಿ ಪುಸ್ತಕದಲ್ಲಿ ಏನೇನಕ್ಕೆ ಸಹಿ ಹಾಕಿದ್ದೀರಿ?"

"ಸಹಿನಾ? ಮೀಟಿಂಗಿಗೆ ಬಂದವರೆಲ್ಲ ಹಾಕ್ತೀವಿ. ಏನು ಬರೆದಿದ್ರೋ ನೋಡ್ಲಿಲ್ಲ."

ವಕೀಲಿ ವೃತ್ತಿಯಲ್ಲಿ ಈ ಉತ್ತರ ಎಷ್ಟು ಸಲ ಕೇಳಿದರೂ ನನಗೆ ಅಭ್ಯಾಸವಾಗಿಲ್ಲ. ಇವತ್ತು ಇದೊಂದನ್ನೇ ಬರೆಯುತ್ತೇನೆ.

ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, 2001ರಿಂದ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಅವುಗಳಿಗೆ ಇನ್ನೂ ಬಲ ಬಂತು. ಆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಎಲ್ಲ ಇದೇ ಸಮಿತಿಯ ಕೆಲಸ. ಆಗಸ್ಟ್ 15ರಂದು ವೇದಿಕೆ ಮೇಲೆ ಕೂರಿಸಿ ಹಾರ ಹಾಕುವುದಕ್ಕೆ ಈ ಸಮಿತಿ ಮಾಡಿದ್ದಲ್ಲ.

ಪೋಷಕರಿಗೆ ಅರ್ಥವಾಗದೇ ಉಳಿಯುವುದು ಇಲ್ಲಿ. ಪುಸ್ತಕದ ಪುಟದ ಮೇಲ್ಭಾಗದಲ್ಲಿ ಹಾಜರಿದ್ದವರ ಹೆಸರು, ಸಹಿ ಇರುತ್ತದೆ. ಅದರ ಕೆಳಗೆ ಚರ್ಚೆ, ಠರಾವು (ಸಭೆಯ ತೀರ್ಮಾನ) ಬರುತ್ತವೆ. ಬಹಳ ಕಡೆ ಸಭೆ ಶುರುವಾಗುವ ಮುಂಚೆಯೇ ಪುಸ್ತಕ ಸುತ್ತು ಬರುತ್ತದೆ. ಎಲ್ಲರೂ ಸಹಿ ಹಾಕುತ್ತಾರೆ. ಠರಾವು ಬರೆಯುವುದು ಸಂಜೆಗೋ, ಮಾರನೇ ದಿನಕ್ಕೋ. ನೀವು ಹಾಕಿದ್ದು "ನಾನು ಬಂದಿದ್ದೆ" ಅನ್ನುವ ಸಹಿ. ಮೇಲಧಿಕಾರಿ ಅದನ್ನು ಓದುವುದು "ಕೆಳಗೆ ಬರೆದದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ" ಎಂದು. ಬ್ಯಾಂಕಿನ ಖಾಲಿ ಚೆಕ್‌ಗೆ ಸಹಿ ಮಾಡಿ ಕೊಟ್ಟ ಹಾಗೇ ಇದು. ಚೆಕ್ ವಿಷಯದಲ್ಲಿ ಎಷ್ಟು ಹುಷಾರಾಗಿರುತ್ತೀರಿ, ಅಲ್ವಾ?

ಒಂದು ಶಾಲೆಯ ವಿಷಯ ಹೇಳುತ್ತೇನೆ. ಅಲ್ಲಿ ಎರಡು ತರಗತಿ ಕೋಣೆಗಳ ಚಾವಣಿ ಮಳೆಗೆ ಸೋರಿ, ಕಬ್ಬಿಣ ಹೊರಗೆ ಕಾಣುತ್ತಿತ್ತು. ತಾಯಂದಿರು ಗುಂಪು ಕಟ್ಟಿಕೊಂಡು ಕಚೇರಿಗೆ ಹೋದರು. ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಗೆಲಸದವರು. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಅಧಿಕಾರಿ ಜಗಳವನ್ನೇನೂ ಮಾಡಲಿಲ್ಲ. ಶಾಲೆಯಿಂದ ನಡಾವಳಿ ಪುಸ್ತಕ ತರಿಸಿದರು. "ಕಟ್ಟಡ ಸುಸ್ಥಿತಿಯಲ್ಲಿದೆ ಎಂದು ಸಭೆ ತೀರ್ಮಾನಿಸಿತು" ಎಂಬ ಸಾಲು ಅದರಲ್ಲಿತ್ತು. ಹಿಂದಿನ ಯಾವುದೋ ಸಭೆಯ ಪುಟ ನೋಡಿ ಹಾಗೇ ನಕಲು ಮಾಡಿದ ಸಾಲು ಅದು. ಆ ಪುಟದ ಮೇಲ್ಭಾಗದಲ್ಲಿ, ಅಲ್ಲೇ ನಿಂತಿದ್ದ ನಾಲ್ವರು ತಾಯಂದಿರ ಸಹಿ ಇತ್ತು. ಅವರಲ್ಲಿ ಒಬ್ಬರು ಅತ್ತುಬಿಟ್ಟರು. ಆಮೇಲೆ ವಿಶೇಷ ಸಭೆ ಕರೆಸಿ, ಹೊಸ ಠರಾವು ಬರೆಸಿ, ಎಂಜಿನಿಯರ್ ಬರುವ ಹೊತ್ತಿಗೆ ಆ ಮಳೆಗಾಲ ಮುಗಿದಿತ್ತು.

ಎಲ್ಲ ಮುಖ್ಯ ಶಿಕ್ಷಕರೂ ಬೇಕೆಂದೇ ಹೀಗೆ ಮಾಡುತ್ತಾರೆ ಎಂದು ನಾನು ಹೇಳುವುದಿಲ್ಲ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ತರಗತಿ, ಎಲ್ಲ ಒಬ್ಬರ ತಲೆ ಮೇಲಿರುತ್ತದೆ. ಪುಸ್ತಕ ತುಂಬಿಸುವುದು ಅವರಿಗೂ ಒಂದು ಹೊರೆ. ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಚಾವಣಿ ರಿಪೇರಿಗೆ ಹಣ ಮಂಜೂರು ಮಾಡುವ ಅಧಿಕಾರವೂ ಅವರಿಗಿಲ್ಲ. ಒಳ್ಳೆಯ ಠರಾವು ಕೈಯಲ್ಲಿದ್ದರೆ ಮೇಲಿನವರ ಹತ್ತಿರ ಅವರಿಗೂ ಮಾತಾಡಲು ಧೈರ್ಯ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಹಾಜರಿಗೆ ಸಹಿ ಹಾಕಿ, ತೊಂದರೆ ಇಲ್ಲ. ಆದರೆ ಸಭೆ ಮುಗಿಯುವ ಮುಂಚೆ ಅಲ್ಲೇ ಠರಾವು ಬರೆಸಿ, ಗಟ್ಟಿಯಾಗಿ ಓದಿಸಿ. ಓದು ಬಾರದವರು ಇದ್ದರಂತೂ ಓದಿಸಲೇಬೇಕು, ಅದಕ್ಕೆ ನಾಚಿಕೆ ಬೇಡ. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, ಗೆರೆಗೆ ಅಂಟಿದಂತೆ ಮತ್ತೊಮ್ಮೆ ಸಹಿ ಹಾಕಿ. ನಡುವೆ ಜಾಗ ಬಿಡಬೇಡಿ. ಪುಟದ ಫೋಟೋ ತೆಗೆದುಕೊಳ್ಳಿ. ಒಪ್ಪಿಗೆ ಇಲ್ಲದಿದ್ದರೆ ಸಹಿ ಪಕ್ಕದಲ್ಲೇ "ಈ ಅಂಶಕ್ಕೆ ನನ್ನ ಒಪ್ಪಿಗೆ ಇಲ್ಲ" ಎಂದು ಬರೆಯಿರಿ. ಸಿಟ್ಟಿನಿಂದ ಸಹಿ ಹಾಕದೇ ಎದ್ದು ಹೋದರೆ ನೀವು ಬಂದೇ ಇರಲಿಲ್ಲ ಎಂದಾಗುತ್ತದೆ.

ಠರಾವಿನ ಮಾತೂ ಮುಖ್ಯ. "ಕಟ್ಟಡದ ಬಗ್ಗೆ ಚರ್ಚಿಸಲಾಯಿತು" ಎಂದರೆ ಸುಮ್ನೆ ಶಾಯಿ ಖರ್ಚು. ಯಾವ ಕೋಣೆ, ಏನಾಗಿದೆ, ಯಾರಿಗೆ ಪತ್ರ ಬರೆಯಬೇಕು, ಎಷ್ಟರೊಳಗೆ, ಅಲ್ಲಿಯವರೆಗೆ ಮಕ್ಕಳು ಎಲ್ಲಿ ಕೂರಬೇಕು, ಇಷ್ಟೂ ಇರಲಿ. ಸುರಕ್ಷತೆ ಕೇಳುವುದು ಜಾಸ್ತಿ ಆಯಿತೇನೋ ಎಂದು ಕೆಲವರು ಹಿಂಜರಿಯುತ್ತಾರೆ. 2004ರಲ್ಲಿ ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಕ್ಕಳು ಸತ್ತರು. ಆ ದುರಂತದ ಹಿನ್ನೆಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಸ್ಪಷ್ಟವಾಗಿ ಹೇಳಿದೆ: ಶಿಕ್ಷಣದ ಹಕ್ಕಿನಲ್ಲೇ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ. ಠರಾವಿನಲ್ಲಿ ಈ ತೀರ್ಪಿನ ಉಲ್ಲೇಖ ಮಾಡಿ.

ಹಣದ ವಿಷಯಕ್ಕೂ ಇದೇ ಸಹಿ ಬಾಗಿಲು. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50 ಸಾವಿರ ರೂಪಾಯಿ, 251ರಿಂದ 1000 ಇದ್ದರೆ 75 ಸಾವಿರ ಶಾಲಾ ಅನುದಾನವಿದೆ. ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಬಳಸಬೇಕು. ನಿಮ್ಮ ಶಾಲೆಗೆ ನಿಜವಾಗಿ ಬಂದದ್ದೆಷ್ಟು ಎಂದು ಖಾತೆ ನೋಡಿಯೇ ತಿಳಿಯಬೇಕು. "ಖರ್ಚಿಗೆ ಅನುಮೋದನೆ" ಎಂಬ ಠರಾವು ಬಂದರೆ ವೋಚರ್ (ಖರ್ಚಿನ ರಸೀದಿ) ನೋಡದೆ ಸಹಿ ಬೇಡ. ಅನುಮಾನದಿಂದ ನೋಡಬೇಕಾಗಿಲ್ಲ, ಲೆಕ್ಕ ನೋಡುವುದೇ ನಿಮ್ಮ ಕೆಲಸ.

ಸಮಿತಿಯಲ್ಲಿ ಹೇಳಿದ್ದು ನಡೆಯದಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಇದೆ. ಲಿಖಿತ ದೂರಿಗೆ ಸ್ಥಳೀಯ ಪ್ರಾಧಿಕಾರ 3 ತಿಂಗಳೊಳಗೆ ತೀರ್ಮಾನ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ಪಾಲಿಕೆ ನಡೆಸುವ ಶಾಲೆಗೂ ಶಿಕ್ಷಣ ಇಲಾಖೆಯ ಶಾಲೆಗೂ ಕಚೇರಿಗಳು ಬೇರೆ, ದೂರು ಬರೆಯುವ ಮುಂಚೆ ಅದನ್ನು ಖಚಿತ ಮಾಡಿಕೊಳ್ಳಿ. ಸಮಿತಿಯ ಸುತ್ತೋಲೆಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಈಗ ಜಾರಿಯಲ್ಲಿರುವುದನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ ಪಡೆಯಿರಿ. ನಾನು ಇಲ್ಲಿ ಬರೆದದ್ದನ್ನೇ ನಂಬಿ ಕೂರಬೇಡಿ.

ಸಭೆಯ ಹೊತ್ತನ್ನೂ ಕೇಳಿ ಬದಲಾಯಿಸಿಕೊಳ್ಳಿ. ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಕೂಲಿ ತಾಯಂದಿರು ಓಡೋಡಿ ಬಂದು ಸಹಿ ಹಾಕಿ ಓಡುತ್ತಾರೆ. ಅವರನ್ನು ಬೈಯುವ ಮನಸ್ಸು ನನಗಿಲ್ಲ. ಕೆಲಸ ಬಿಡುವ ಹೊತ್ತಿಗೋ, ರಜೆ ದಿನವೋ ಸಭೆ ಇಡಲು ಒಪ್ಪುವ ಶಿಕ್ಷಕರು ಬೇಕಾದಷ್ಟಿದ್ದಾರೆ. ಕೇಳಬೇಕು ಅಷ್ಟೇ. ಕೇಂದ್ರದ ನಿಯಮಗಳ ಪ್ರಕಾರ ಶಾಲಾಭಿವೃದ್ಧಿ ಯೋಜನೆ ಆರ್ಥಿಕ ವರ್ಷ ಮುಗಿಯಲು 3 ತಿಂಗಳಿರುವಾಗಲೇ, ಅಂದರೆ ಡಿಸೆಂಬರ್ ಹೊತ್ತಿಗೆ ಸಿದ್ಧವಾಗಬೇಕು. ನವೆಂಬರ್ ಸಭೆಯಲ್ಲೇ ಅದನ್ನು ಓದಿಸಿ. ಅದರ ಪ್ರತಿ ಕೊಡುವುದಿಲ್ಲ ಎಂದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.