ಬಿಳಿ ರಕ್ತಕಣದ ಬಲೆ ಹರಿಯುವ ಹುಳ

ಮಳೆಗಾಲದಲ್ಲಿ ಕೊಡಗಿನ ಕಾಫಿ ತೋಟಕ್ಕೆ ಇಳಿದವರಿಗೆಲ್ಲ ಉಂಬಳ ಗೊತ್ತು. ಕಚ್ಚಿದ್ದು ತಿಳಿಯುವುದಿಲ್ಲ, ಬಿಟ್ಟ ಮೇಲೂ ರಕ್ತ ನಿಲ್ಲುವುದಿಲ್ಲ. ಕೊಕ್ಕೆಹುಳ ಮಾಡುವುದೂ ಇದೇ ಕೆಲಸ, ಆದರೆ ಕರುಳಿನೊಳಗೆ, ವರ್ಷಗಟ್ಟಲೆ. ಅದರ ಮರಿ ಬದುಕುವುದು ನೆರಳಿನ ಒದ್ದೆ ಮಣ್ಣಿನಲ್ಲಿ. ಕಾಫಿ ತೋಟದ ಮಣ್ಣೂ ಅಂಥದ್ದೇ ಅಲ್ವಾ?

1838ರಲ್ಲಿ ಮಿಲಾನ್‌ನ ವೈದ್ಯ ಆಂಜೆಲೋ ಡುಬಿನಿ ಶವಪರೀಕ್ಷೆ ಮಾಡುವಾಗ ಈ ಹುಳವನ್ನು ಕಂಡರು. ಅದು ರಕ್ತಹೀನತೆ ತರುತ್ತದೆಂದು ಎಲ್ಲರಿಗೂ ಮನದಟ್ಟಾಗಿದ್ದು 1880ರಲ್ಲಿ, ಆಲ್ಪ್ಸ್‌ನ ಗೊಟ್ಹಾರ್ಡ್ ಸುರಂಗ ಕೊರೆಯುತ್ತಿದ್ದ ಕೂಲಿಗಳು ಬಿಳಿಚಿಕೊಂಡು ಮಲಗಿದಾಗ. ಹುಳ ಒಳಗೆ ಹೋಗುವ ದಾರಿ ಆಗಲೂ ಗೊತ್ತಿರಲಿಲ್ಲ. 1898ರ ಹೊತ್ತಿಗೆ ಕೈರೋದಲ್ಲಿ ಜರ್ಮನ್ ವಿಜ್ಞಾನಿ ಆರ್ಥರ್ ಲೂಸ್ ಕೈಮೇಲೆ ಮರಿಗಳಿದ್ದ ನೀರು ಚೆಲ್ಲಿತು. ಚರ್ಮ ಕೆಂಪಾಗಿ ಉರಿಯಿತು. ಕೆಲವು ವಾರಗಳ ನಂತರ ಅವರ ಮಲದಲ್ಲೇ ಹುಳದ ಮೊಟ್ಟೆ ಸಿಕ್ಕಿತು.

ಬರಿಗಾಲಿನ ಚರ್ಮದಿಂದ ರಕ್ತಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ, ಗಂಟಲಿಗೆ, ಕೊನೆಗೆ ಕರುಳಿಗೆ. ಇಷ್ಟು ದೂರ ಬರುವಾಗ ಬಿಳಿ ರಕ್ತಕಣಗಳು ಸುಮ್ನೆ ಇರುತ್ತವೆಯೇ? ಇಲ್ಲ. ನ್ಯೂಟ್ರೋಫಿಲ್ ಎಂಬ ಕಣ ತನ್ನದೇ ಡಿಎನ್ಎಯನ್ನು ಹೊರಗೆಸೆದು ಬಲೆ ಹಾಕುತ್ತದೆ. ಈ ಬಲೆ ವಿಜ್ಞಾನಿಗಳ ಕಣ್ಣಿಗೆ ಬಿದ್ದಿದ್ದೇ 2004ರಲ್ಲಿ. ಕೊಕ್ಕೆಹುಳದ ಮರಿ ಡಿಎನ್ಎ ಕತ್ತರಿಸುವ ಕಿಣ್ವ ಉಗುಳಿ ಆ ಬಲೆಯನ್ನೇ ಹರಿದು ಹೋಗುತ್ತದೆ ಎಂದು 2020ರ ಅಧ್ಯಯನ ತೋರಿಸಿತು. ಇನ್ನೊಂದು ಉಪಾಯ 1994ರಲ್ಲೇ ಗೊತ್ತಾಗಿತ್ತು. ನಾಯಿಯ ಕೊಕ್ಕೆಹುಳ ಸ್ರವಿಸುವ ಒಂದು ಪ್ರೋಟೀನು ನ್ಯೂಟ್ರೋಫಿಲ್‌ಗಳ ಮೇಲ್ಮೈಗೆ ಅಂಟಿಕೊಂಡು, ಅವು ರಕ್ತನಾಳದ ಗೋಡೆ ಹಿಡಿದು ಹೊರಬರದಂತೆ ತಡೆಯುತ್ತದೆ.

ಒಮ್ಮೆ ಹುಳ ಬಂದು ಹೋದರೂ ರಕ್ಷಣೆ ಉಳಿಯುವುದಿಲ್ಲ, ಮತ್ತೆ ಮತ್ತೆ ಬರುತ್ತದೆ. ಒಂದು ಹುಳ ದಿನಕ್ಕೆ ಕುಡಿಯುವುದು ಸುಮಾರು 0.03ರಿಂದ 0.2 ಮಿಲಿಲೀಟರ್. ಹುಳ ಜಾಸ್ತಿಯಾದರೆ ಅದೇ ದೊಡ್ಡ ಲೆಕ್ಕ. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಆಲ್ಬೆಂಡಜೋಲ್ ಮಾತ್ರೆ ಸಿಗುವುದು 1ರಿಂದ 19 ವರ್ಷದವರಿಗೆ. ಮಗು ಅಂಗನವಾಡಿಯಲ್ಲಿ ಮಾತ್ರೆ ನುಂಗುತ್ತದೆ. ತೋಟದಲ್ಲಿ ಕಳೆ ಕೀಳುವ ಅದರ ತಾಯಿ ಆ ಲೆಕ್ಕದಲ್ಲಿಲ್ಲ. ಸುಸ್ತು ಅಂತ ಬಂದ ಆಕೆಗೆ ಬರೀ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ, ಕಾಯಿಲೆಯ ಬುಡ ಹಾಗೇ ಉಳಿದಿರಬಹುದು.

ಈಗ ಲಸಿಕೆ ಹುಡುಕುವವರು ಬೇರೆ ದಾರಿ ಹಿಡಿದಿದ್ದಾರೆ. ಕುಡಿದ ರಕ್ತದ ಹಿಮೋಗ್ಲೋಬಿನ್ ಅರಗಿಸಲು ಹುಳಕ್ಕೂ ಕಿಣ್ವಗಳು ಬೇಕು. ಆ ಕಿಣ್ವಗಳನ್ನು ಕಟ್ಟಿಹಾಕುವ ಪ್ರತಿಕಾಯ, ಅಂದರೆ ದೇಹದ ರಕ್ಷಕ ಪ್ರೋಟೀನು, ನಮ್ಮ ರಕ್ತದಲ್ಲೇ ಇದ್ದರೆ, ಹುಳ ಅದನ್ನು ತಾನೇ ಕುಡಿದುಕೊಳ್ಳುತ್ತದೆ. ಇಂಥ ಲಸಿಕೆಗಳ ಪ್ರಯೋಗ ಮನುಷ್ಯರ ಮೇಲೂ ನಡೆದಿದೆ.